ಬೇಜಾರು ಅಂದರೆ ಯಾವ ಬೇಜಾರು? ಮನೋವೈದ್ಯರ ಕೋಣೆಗೆ ಒಂದು ನೋಟ್‌ಬುಕ್ ಹೋದಾಗ

ನಮ್ಮ ಹಾಸನದ ಕಡೆ 'ಬೇಜಾರು' ಅನ್ನುವ ಒಂದು ಪದಕ್ಕೆ ಎಷ್ಟು ಅರ್ಥ ಇದೆ, ಸುಮ್ನೆ ಎಣಿಸಿ ನೋಡಿ. ಬಸ್ ಸ್ಟ್ಯಾಂಡಿನಲ್ಲಿ ಒಂದು ಗಂಟೆ ಕಾದರೆ ಬೇಜಾರು. ತಮ್ಮ ಮಾತು ಬಿಟ್ಟರೆ ಬೇಜಾರು. ಬೀಗರು ಮದುವೆಗೆ ಸರಿಯಾಗಿ ಕರೆಯಲಿಲ್ಲ ಅಂತ ಬೇಜಾರು. ಅಮ್ಮ ತೀರಿಕೊಂಡ ವರ್ಷವೆಲ್ಲ ಬೇಜಾರು. ಬದುಕೇ ಬೇಡ ಅನ್ನಿಸಿದವರ ಬಾಯಿಗೂ ಬರುವುದು ಅದೇ ಪದ: 'ಯಾಕೋ ತುಂಬಾ ಬೇಜಾರು ಡಾಕ್ಟ್ರೇ.'

ಡಾಕ್ಟರು ಕೇಳಿಸಿಕೊಳ್ಳುತ್ತಾರೆ. ಫೈಲಿನಲ್ಲಿ ಇಂಗ್ಲಿಷಿನಲ್ಲಿ 'ಲೋ ಮೂಡ್' ಅಂತ ಬರೆಯುತ್ತಾರೆ. ಈ ಐದೂ ಬೇಜಾರುಗಳು ಆ ಎರಡು ಪದದೊಳಗೆ ಹೋಗಿ ಕೂತುಬಿಡುತ್ತವೆ. ಮುಂದಿನ ತಿಂಗಳು ಆ ಕುರ್ಚಿಯಲ್ಲಿ ಬೇರೆ ಡಾಕ್ಟರು ಇದ್ದರೆ ಅವರ ಕೈಗೆ ಸಿಗುವುದು ಎರಡು ಪದ ಮಾತ್ರ. ಯಾವ ಬೇಜಾರು ಅಂತ ಅದರಲ್ಲಿ ಇಲ್ಲ.

ಬೇಜಾರು ಒಂದೇ ಅಲ್ಲ. 'ತಲೆಯೊಳಗೆ ಗುಂಯ್ ಅನ್ನುತ್ತೆ', 'ಗ್ಯಾಸ್ ತಲೆಗೆ ಏರಿದೆ', 'ಎದೆಯಲ್ಲಿ ಉರಿ', 'ಮನಸ್ಸಿಗೆ ಹಚ್ಚಿಕೊಂಡಿದ್ದೀನಿ', 'ಗಾಳಿ ಸೋಕಿದೆ' ಅನ್ನುವ ಮಾತುಗಳನ್ನು ಓಪಿಡಿ (ಹೊರರೋಗಿ ವಿಭಾಗ) ಮುಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತರೆ ಕೇಳಬಹುದು. ಇವುಗಳಲ್ಲಿ ಒಂದಕ್ಕೂ ಇಂಗ್ಲಿಷ್ ಫೈಲಿನಲ್ಲಿ ಜಾಗ ಇಲ್ಲ.

ಬೇರೆ ಕಾಯಿಲೆಗಳಿಗೆ ಇದು ಇಷ್ಟು ದೊಡ್ಡ ತೊಂದರೆ ಆಗುವುದಿಲ್ಲ. ಮೂಳೆ ಮುರಿದರೆ ಎಕ್ಸ್‌ರೇ ಹೇಳುತ್ತೆ. ಸಕ್ಕರೆ ಕಾಯಿಲೆಯನ್ನು ರಕ್ತ ಹೇಳುತ್ತೆ, ರೋಗಿ ಒಂದು ಮಾತು ಆಡದಿದ್ದರೂ ನಡೆಯುತ್ತೆ. ಮನಸ್ಸಿನ ಕಾಯಿಲೆಗೆ ಅಂಥ ಸಾಕ್ಷಿ ಇಲ್ಲ. ಥೈರಾಯ್ಡ್ ತೊಂದರೆ ಇದೆಯಾ ಅಂತ ನೋಡಲು, ಲಿಥಿಯಂ ಮಾತ್ರೆ ನುಂಗುವವರ ರಕ್ತದಲ್ಲಿ ಅದು ಎಷ್ಟಿದೆ ಅಂತ ನೋಡಲು ಟೆಸ್ಟ್ ಮಾಡಿಸುತ್ತಾರೆ, ನಿಜ. ಆದರೆ ಇದು ಖಿನ್ನತೆ, ಇದು ಸ್ಕಿಜೋಫ್ರೇನಿಯಾ ಅಂತ ತೋರಿಸುವ ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ರೋಗಿ ಹೇಳಿದ್ದು, ಮನೆಯವರು ಹೇಳಿದ್ದು, ಡಾಕ್ಟರು ಕಣ್ಣಾರೆ ಕಂಡದ್ದು, ಇಷ್ಟೇ ಬಂಡವಾಳ. ಮಾತು ಜಾರಿದರೆ ಚಿಕಿತ್ಸೆಯೂ ಜಾರುತ್ತೆ.

ಇನ್ನು ಸಮಯ. ನಮ್ಮ ದೇಶದಲ್ಲಿ ಒಂದು ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ. ಕರ್ನಾಟಕದಲ್ಲಿ 2014ರಲ್ಲಿ 'ಮನೋಚೈತನ್ಯ' ಅನ್ನುವ ಸರ್ಕಾರಿ ಕಾರ್ಯಕ್ರಮ ಶುರುವಾದ ಮೇಲೆ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡು ಆಯಿತು. ಒಳ್ಳೆಯದೇ. ಆದರೆ ಒಂದೇ ದಿನ ಎಲ್ಲರೂ ಬಂದರೆ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. 'ನಿದ್ದೆ ಬರ್ತಿದೆಯಾ? ಊಟ ಸೇರ್ತಿದೆಯಾ? ಅದೇ ಮಾತ್ರೆ ಮುಂದುವರಿಸಿ.' ಪುರುಸೊತ್ತು ಇರುವ ಕಡೆಯೂ ಕತೆ ಹೆಚ್ಚು ಬೇರೆ ಇಲ್ಲ ಅನ್ನಿ. 1984ರಲ್ಲಿ ಅಮೆರಿಕದಲ್ಲಿ ಇಬ್ಬರು ಸಂಶೋಧಕರು ಸಾಮಾನ್ಯ ವೈದ್ಯರ 74 ಭೇಟಿಗಳನ್ನು ರೆಕಾರ್ಡ್ ಮಾಡಿ ನೋಡಿದ್ದರು. ರೋಗಿ ತನ್ನ ತೊಂದರೆ ಹೇಳಲು ಶುರು ಮಾಡಿದ ಮೇಲೆ ಡಾಕ್ಟರು ಬಾಯಿ ಹಾಕಲು ತೆಗೆದುಕೊಂಡದ್ದು ಸರಾಸರಿ 18 ಸೆಕೆಂಡು.

ಈ ಅಂತರವನ್ನು ಓದು ಬರಹದಿಂದ ಸ್ವಲ್ಪ ತುಂಬಬಹುದು ಅನ್ನುವ ಯೋಚನೆ ವೈದ್ಯರೊಳಗೇ ಹುಟ್ಟಿದ್ದು. ನನಗೆ ಅದು ಅರ್ಥವಾದದ್ದು ಮಾತ್ರ ನಮ್ಮ ಚಿಕ್ಕಪ್ಪನ ಕಾಲಿನಿಂದ.

ಚಿಕ್ಕಪ್ಪ ಆಲೂರು ಕಡೆಯವರು. ಎರಡು ಎಕರೆ, ಆಲೂಗಡ್ಡೆ, ಒಂದಿಷ್ಟು ಜೋಳ, ಒಂದು ಹಸು. ಕೆಲವು ವರ್ಷದ ಹಿಂದೆ ಅವರಿಗೆ ಕಿವಿಯಲ್ಲಿ ಯಾರೋ ಬೈದಂತೆ ಕೇಳಿಸಲು ಶುರುವಾಯಿತು. ದೇವಸ್ಥಾನ, ತಾಯತ ಎಲ್ಲ ಆಗಿ ಕೊನೆಗೆ ಆಸ್ಪತ್ರೆಗೆ ಬಂದರು. ಮಾತ್ರೆಯಿಂದ ಕಿವಿಯ ಗಲಾಟೆ ನಿಂತಿತು. ಆದರೆ ಒಂದೆರಡು ವಾರಕ್ಕೆ ರಾತ್ರಿಯೆಲ್ಲ ಅಂಗಳದಲ್ಲಿ ಓಡಾಟ ಶುರು. ಆ ಕಡೆ ಕತ್ತಲಲ್ಲಿ ಓಡಾಡುವುದು ಅಂದರೆ ಆನೆ ಭಯ ಬೇರೆ. ಚಿಕ್ಕಮ್ಮ ಡಾಕ್ಟರ ಮುಂದೆ ಕಣ್ಣೀರು ಹಾಕಿದರು. 'ಒಂದ್ ಕಡೆ ಕೂರಲ್ಲ ಸಾರ್, ನಿಲ್ಲಲ್ಲ. ಮತ್ತೆ ಜಾಸ್ತಿ ಆಗಿದೆ ಇವರಿಗೆ.' ಮಾತ್ರೆ ಜಾಸ್ತಿ ಮಾಡಿದರು. ಓಡಾಟವೂ ಜಾಸ್ತಿ ಆಯಿತು.

ಚಿಕ್ಕಪ್ಪ ಹೈಸ್ಕೂಲು ಓದಿದವರು, ಅಕ್ಷರ ಮುತ್ತಿನ ಹಾಗೆ. ಮಾತಿಗಿಂತ ಅವರಿಗೆ ಬರೆಯುವುದು ಸಲೀಸು. ಹಾಲಿನ ಲೆಕ್ಕ, ಗೊಬ್ಬರದ ಲೆಕ್ಕ ಎಲ್ಲ ಬರೆದಿಡುವ ಅಭ್ಯಾಸ. 'ಇದನ್ನೂ ಬರೀರಿ ಚಿಕ್ಕಪ್ಪ' ಅಂತ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟೆ. ದೊಡ್ಡ ಯೋಚನೆ ಏನೂ ಇರಲಿಲ್ಲ, ರಾತ್ರಿ ಅಂಗಳಕ್ಕೆ ಹೋಗುವ ಬದಲು ಒಳಗೆ ಕೂತಿರಲಿ ಅಂತ ಅಷ್ಟೇ. ಮುಂದಿನ ಸಲ ಹೋಗುವಾಗ ಅದರಲ್ಲಿ ಇದ್ದದ್ದು ಹೀಗೆ:

'ಕಿವಿ ಸುಮ್ಮನಿದೆ. ತಲೆ ಸರಿ ಇದೆ. ಕಾಲು ಮಾತ್ರ ಸುಮ್ಮನಿರಲ್ಲ. ಒಳಗೆ ಇರುವೆ ಹರಿದ ಹಾಗೆ. ರಾತ್ರಿ ಮಾತ್ರೆ ನುಂಗಿ ಒಂದು ಗಂಟೆಗೆ ಶುರು. ನಡೆದರೆ ತಡೆಯಬಹುದು. ಕೂತರೆ ಅಳು ಬರುತ್ತೆ. ಮಾತ್ರೆ ಜಾಸ್ತಿ ಮಾಡಿದ ಮೇಲೆ ಇದೂ ಜಾಸ್ತಿ.'

ಡಾಕ್ಟರು ಓದಲು ಅರ್ಧ ನಿಮಿಷ ಹಿಡಿಯಿತು. ಆಮೇಲೆ ಪೆನ್ನು ಕೆಳಗಿಟ್ಟು ಚಿಕ್ಕಪ್ಪನ ಕಾಲನ್ನೇ ನೋಡುತ್ತ ಕೂತರು. ಇದಕ್ಕೆ ಅಕಥೀಸಿಯಾ ಅನ್ನುತ್ತಾರೆ. ಸೈಕೋಸಿಸ್‌ಗೆ (ಇಲ್ಲದ ದನಿ ಕೇಳಿಸುವಂಥ ಕಾಯಿಲೆಗೆ) ಕೊಡುವ ಮಾತ್ರೆಗಳಿಂದ ಆಗುವ ಚಡಪಡಿಕೆ. ಹೊರಗಿನಿಂದ ನೋಡಿದರೆ ಕಾಯಿಲೆಯೇ ಕೆರಳಿದ ಹಾಗೆ ಕಾಣುತ್ತೆ. ಹಾಗೆ ಅಂದುಕೊಂಡು ಡೋಸ್ ಏರಿಸಿದರೆ ಇದು ಇನ್ನೂ ಕೆರಳುತ್ತೆ. ಮನೋವೈದ್ಯರಿಗೆ ಇದು ಗೊತ್ತಿಲ್ಲದ ವಿಷಯ ಅಲ್ಲ, ಪಠ್ಯದಲ್ಲೇ ಎಚ್ಚರಿಕೆ ಇದೆ. ಆದರೆ 'ಕೂರಲ್ಲ, ನಿಲ್ಲಲ್ಲ' ಅನ್ನುವ ಮಾತಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತೆ. ಡೋಸ್ ಇಳಿಸಿ, ಚಡಪಡಿಕೆಗೆ ಇನ್ನೊಂದು ಮಾತ್ರೆ ಸೇರಿಸಿದ ಮೇಲೆ ಚಿಕ್ಕಪ್ಪ ಜಗುಲಿ ಮೇಲೆ ಕೂತು ಪೇಪರ್ ಓದುವಂತಾದರು. (ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಬರೆದುಕೊಂಡು ಹೋಗಿ ತೋರಿಸಿ.)

ಚಿಕ್ಕಮ್ಮ ಸುಳ್ಳು ಹೇಳಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ಹೇಳಿದ್ದರು. ಒಳಗೆ ಏನಾಗುತ್ತಿದೆ ಅಂತ ಗೊತ್ತಿದ್ದದ್ದು ಒಬ್ಬರಿಗೇ, ಅವರು ಬಾಯಿ ಬಿಡುವ ಮೊದಲೇ ನಾವೆಲ್ಲ ಉತ್ತರ ಕೊಟ್ಟು ಮುಗಿಸುತ್ತಿದ್ದೆವು. ನಮ್ಮ ಕಡೆ ಮನೋವೈದ್ಯರ ಕೋಣೆಯಲ್ಲಿ ಮೂರು ನಾಲ್ಕು ಜನ ಕೂತಿರುತ್ತಾರೆ, ಅವರಲ್ಲಿ ಕಡಿಮೆ ಮಾತಾಡುವುದು ರೋಗಿಯೇ. ಅಲ್ವಾ?

ಅಮೆರಿಕದ ಮನೋವೈದ್ಯ, ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ ತೈವಾನ್, ಚೀನಾಗಳಲ್ಲಿ ಕೆಲಸ ಮಾಡಿದವರು. ಡಾಕ್ಟರು ನೋಡುವ ರೋಗ ಬೇರೆ, ರೋಗಿ ಅನುಭವಿಸುವ ನರಳಾಟ ಬೇರೆ, ಎರಡಕ್ಕೂ ಎರಡು ಹೆಸರು ಬೇಕು ಅಂತ ಅವರು ಹೇಳುತ್ತ ಬಂದರು. ರೋಗಿಗೆ ಕೇಳಲು ಕೆಲವು ಪ್ರಶ್ನೆಗಳನ್ನೂ 1978ರಲ್ಲಿ ಜೊತೆಯವರೊಂದಿಗೆ ಮುಂದಿಟ್ಟರು. ನಿಮ್ಮ ತೊಂದರೆಗೆ ನೀವು ಏನಂತ ಹೆಸರಿಡುತ್ತೀರಿ? ಯಾಕೆ ಬಂತು ಅನ್ನಿಸುತ್ತೆ? ಆಗಲೇ ಯಾಕೆ ಬಂತು? ಇದರಲ್ಲಿ ನಿಮಗೆ ಜಾಸ್ತಿ ಭಯ ಯಾವುದರದ್ದು? ಅಮೆರಿಕದ ಮನೋವೈದ್ಯರ ಕೈಪಿಡಿಯಾದ ಡಿಎಸ್‌ಎಂ 2013ರಲ್ಲಿ ಪರಿಷ್ಕೃತವಾದಾಗ ಇದೇ ಜಾಡಿನ 16 ಪ್ರಶ್ನೆಗಳ ಒಂದು ಸಂದರ್ಶನವೂ ಅದರೊಳಗೆ ಬಂತು. ಕೊನೆಯ ಪ್ರಶ್ನೆಯನ್ನು, ಅಂದರೆ ಭಯದ್ದನ್ನು, ನಮ್ಮ ಊರಲ್ಲಿ ಕೇಳಿ ನೋಡಿ. ಅಂಗಮಾರಿ ಬಂದು ಆಲೂಗಡ್ಡೆ ಕೊಳೆತ ವರ್ಷ ಮಂಕು ಹಿಡಿದು ಕೂತ ರೈತರೊಬ್ಬರು 'ಕಾಯಿಲೆಗೆ ಭಯ ಇಲ್ಲ ಸಾರ್, ಸೊಸೈಟಿ ಸಾಲದ ನೋಟಿಸ್ ಮಗನ ಕೈಗೆ ಸಿಕ್ಕರೆ ಅಂತ ಭಯ' ಅಂದಾರು. ಮಾತ್ರೆ ಅದೇ ಇರಬಹುದು. ಆದರೆ ಡಾಕ್ಟರು ಆಮೇಲೆ ಕೇಳುವ ಪ್ರಶ್ನೆ ಬೇರೆ ಆಗುತ್ತೆ.

ಇಂಥ ಪ್ರಶ್ನೆಗಳಿಗೆ ಡಾಕ್ಟರ ಮುಂದೆ ಕೂತು ಥಟ್ಟನೆ ಉತ್ತರ ಹೊಳೆಯುವುದಿಲ್ಲ. ಟೋಕನ್ ಕೂಗುತ್ತಿರುತ್ತಾರೆ, ಹಿಂದೆ ಯಾರೋ ಬಾಗಿಲು ತಳ್ಳುತ್ತಿರುತ್ತಾರೆ. ಮನೆಯಲ್ಲಿ ರಾತ್ರಿ ಕೂತರೆ ಹೊಳೆಯುತ್ತೆ. ಬರಹದ ಮೊದಲ ಲಾಭ ಇದೇ. ಅದಕ್ಕೆ ಹದಿನೆಂಟು ಸೆಕೆಂಡಿನ ಗಡಿ ಇಲ್ಲ.

ಹಾಗಂತ ನಲವತ್ತು ಪುಟ ಬರೆದುಕೊಂಡು ಹೋದರೆ ಯಾವ ಡಾಕ್ಟರೂ ಓದುವುದಿಲ್ಲ, ಅವರನ್ನು ದೂರಿ ಪ್ರಯೋಜನವೂ ಇಲ್ಲ. ಮನೆಯಲ್ಲಿ ಎಷ್ಟಾದರೂ ಬರೆಯಿರಿ, ಒಳಗೆ ಒಯ್ಯುವುದು ಒಂದೇ ಹಾಳೆ ಇರಲಿ. ಯಾವ ದಿನ, ಮಾತ್ರೆ ಎಷ್ಟು ಹೊತ್ತಿಗೆ ನುಂಗಿದ್ದು, ಎಷ್ಟು ಗಂಟೆ ನಿದ್ದೆ, ಮೈಮನಸ್ಸು ಹೇಗಿತ್ತು ಅಂತ ನಿಮ್ಮದೇ ಮಾತಲ್ಲಿ ಒಂದು ಸಾಲು. ಕೊನೆಗೆ ಡಾಕ್ಟರಿಗೆ ಕೇಳಬೇಕಾದ ಒಂದು ಪ್ರಶ್ನೆ. 'ನಿಮ್ಮದೇ ಮಾತಲ್ಲಿ' ಅನ್ನುವುದು ಮುಖ್ಯ. ಗೂಗಲ್ ನೋಡಿ 'ಆಂಕ್ಸೈಟಿ' ಅಂತ ಬರೆದರೆ ಮತ್ತೆ ಅದೇ ಎರಡು ಪದದ ಡಬ್ಬಿಗೆ ನೀವೇ ಹೋಗಿ ಬಿದ್ದ ಹಾಗೆ.

ಸುತ್ತಮುತ್ತಲಿನದನ್ನೂ ಒಂದು ಸಾಲು ಬರೆಯಿರಿ. ಸಕಲೇಶಪುರದ ತೋಟದ ಲೈನಿನಲ್ಲಿ ಇರುವವರು 'ನಿದ್ದೆ ಇಲ್ಲ' ಅಂದರೆ ಆ ವಾರ ಆನೆ ಬಂದು ಊರಿಗೆ ಊರೇ ಎದ್ದಿದ್ದಿರಬಹುದು. ಇನ್ನೊಬ್ಬರಿಗೆ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಚಿಂತೆ ಹತ್ತುತ್ತಿರಬಹುದು. ಮತ್ತೊಬ್ಬರು ಮೂರೇ ಗಂಟೆ ಮಲಗಿಯೂ ಸುಸ್ತಿಲ್ಲದೆ, ಹೊಸ ವ್ಯಾಪಾರದ ಲೆಕ್ಕ ಹಾಕುತ್ತ ಕುಣಿಯುತ್ತಿರಬಹುದು. ಮೊದಲನೆಯವರಿಗೆ ಅರಣ್ಯ ಇಲಾಖೆ ಬೇಕು. ಎರಡನೆಯದು ಖಿನ್ನತೆಯ ಗುರುತಿರಬಹುದು. ಮೂರನೆಯದು ಬೈಪೋಲಾರ್ ಕಾಯಿಲೆಯಲ್ಲಿ (ಮನಸ್ಸು ಅತಿ ಏರಿ, ಅತಿ ಇಳಿಯುವ ಕಾಯಿಲೆ) ಮೇನಿಯಾ, ಅಂದರೆ ಅತಿ ಹುರುಪು, ಏರುತ್ತಿರುವ ಮುನ್ಸೂಚನೆ ಇರಬಹುದು, ಡಾಕ್ಟರಿಗೆ ಅದೇ ವಾರ ತಿಳಿಯಬೇಕು. ಫೈಲಿನಲ್ಲಿ ಮೂರಕ್ಕೂ ಒಂದೇ ಹೆಸರು: ನಿದ್ರಾಹೀನತೆ. ಬೈಪೋಲಾರ್ ಇರುವವರಿಗೆ ದಿನಾ ನಿದ್ದೆ, ಮನಸ್ಸಿನ ಏರಿಳಿತ ಗುರುತು ಹಾಕಲು 'ಮೂಡ್ ಚಾರ್ಟ್' ಕೊಡುವ ರೂಢಿ ಇರುವುದು ಇದಕ್ಕೇ.

ಬರೆಯುವುದರಿಂದಲೇ ಮನಸ್ಸು ಹಗುರಾಗುತ್ತಾ? 1986ರಲ್ಲಿ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಇದನ್ನು 46 ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ನಾಲ್ಕು ದಿನ, ದಿನಕ್ಕೆ 15 ನಿಮಿಷ. ಕೆಲವರು ಬದುಕಿನ ದೊಡ್ಡ ನೋವಿನ ಬಗ್ಗೆ, ಕೆಲವರು ಸುಮ್ನೆ ಯಾವುದೋ ಸಾಧಾರಣ ವಿಷಯದ ಬಗ್ಗೆ ಬರೆದರು. ನೋವಿನ ಬಗ್ಗೆ, ಅದರ ಸಂಗತಿ ಮತ್ತು ಭಾವನೆ ಎರಡನ್ನೂ ಬರೆದವರಿಗೆ ಆ ಹೊತ್ತಿಗೆ ಮನಸ್ಸು ಇನ್ನೂ ಭಾರವಾಯಿತು. ಮುಂದಿನ ಆರು ತಿಂಗಳಲ್ಲಿ ಮಾತ್ರ ಅವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಉಳಿದವರಿಗಿಂತ ಕಡಿಮೆ. ಈ ಪ್ರಯೋಗವನ್ನು ಆಮೇಲೆ ಎಷ್ಟೋ ಜನ ಮತ್ತೆ ಮಾಡಿದ್ದಾರೆ, ಫಲ ಕೆಲವು ಕಡೆ ಸಿಕ್ಕಿದೆ, ಕೆಲವು ಕಡೆ ಇಲ್ಲ. ಆ 46 ಜನ ಆರೋಗ್ಯವಾಗಿದ್ದ ವಿದ್ಯಾರ್ಥಿಗಳು ಅನ್ನುವುದನ್ನೂ ಮರೆಯಬಾರದು. ಹಸಿ ಗಾಯ ಇರುವವರನ್ನು ಒಂಟಿಯಾಗಿ ಕೂರಿಸಿ 'ಎಲ್ಲ ಬರಿ' ಅನ್ನುವುದು ಸರಿಯಲ್ಲ. ಹಾಗಾಗಿ ಬರಹವನ್ನು ನಾನು ಔಷಧಿ ಅಂತ ಕರೆಯುವುದಿಲ್ಲ. ಡಾಕ್ಟರಿಗೂ ರೋಗಿಗೂ ನಡುವೆ ಓಡಾಡುವ ಒಂದು ಕಾಗದ, ಅಷ್ಟೇ.

ಕಾಗದ ಅಂದ ಮೇಲೆ ಎರಡೂ ಕಡೆಯಿಂದ ಬರಬೇಕು. ಡಾಕ್ಟರೂ ಬರೆಯಬೇಕು.

ರೀಟಾ ಶರಾನ್ ಅನ್ನುವವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯೆ. ವೈದ್ಯಕೀಯದ ಮೇಲೆ ಇಂಗ್ಲಿಷ್ ಸಾಹಿತ್ಯದಲ್ಲೂ ಡಾಕ್ಟರೇಟ್ ಮಾಡಿದವರು. 1993ರಲ್ಲಿ ಅವರು ತಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರು. ಆಸ್ಪತ್ರೆಯ ಫೈಲಿನಲ್ಲಿ ಬಿಪಿ, ಮಾತ್ರೆ, ರಿಪೋರ್ಟು ಬರೆಯುತ್ತೀರಲ್ಲ, ಅಲ್ಲಿ ಬರೆಯಲಾಗದ್ದು ಏನಾದರೂ ಇದ್ದರೆ ಅದನ್ನು ಬೇರೆ ಹಾಳೆಯಲ್ಲಿ, ದಿನಬಳಕೆಯ ಮಾತಿನಲ್ಲಿ ಬರೆಯಿರಿ. ಈ ರೋಗಿಯನ್ನು ನೋಡಿದರೆ ನನಗೆ ನನ್ನ ತಾತ ನೆನಪಾಗುತ್ತಾರೆ, ಇವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ, ಯಾಕೆ ಅಂತ ಗೊತ್ತಿಲ್ಲ, ಹೀಗೆ. ಅದನ್ನು ಜೊತೆಯವರ ಮುಂದೆ ಓದಬೇಕು. ಇದಕ್ಕೆ 'ಸಮಾಂತರ ಫೈಲು' ಅನ್ನಬಹುದು. ಇಂಥ ಓದು ಬರಹದ ಮೇಲೆಯೇ ಅವರು 'ಕಥನ ವೈದ್ಯಕೀಯ' ಅನ್ನಬಹುದಾದ ಒಂದು ಪಾಠಕ್ರಮ ಕಟ್ಟಿದರು.

ನನ್ನ ಮಟ್ಟಿಗೆ ಇದು ಮನೋವೈದ್ಯರಿಗೆ ಎಲ್ಲರಿಗಿಂತ ಜಾಸ್ತಿ ಬೇಕು. ಅವರ ಫೈಲಿನ ಮಾತು ಒಮ್ಮೊಮ್ಮೆ ಪೊಲೀಸ್ ಠಾಣೆಯ ಮಾತಿನ ಹಾಗಿರುತ್ತೆ. ರೋಗಿ 'ನನಗೆ ಯಾವ ದನಿಯೂ ಕೇಳಲ್ಲ' ಅಂದರೆ 'ನಿರಾಕರಿಸುತ್ತಾನೆ' ಅಂತ ದಾಖಲು. ಬಸ್ಸಿಗೆ ದುಡ್ಡಿಲ್ಲದೆ ಬರಲಿಲ್ಲ ಅಂದರೆ 'ನಾನ್ ಕಂಪ್ಲಯಂಟ್', ಅಂದರೆ ಹೇಳಿದ ಹಾಗೆ ಕೇಳದವರು. ಇದು ಬರೀ ಮಾತಿನ ವಿಷಯ ಅಂದುಕೊಳ್ಳಬೇಡಿ. 2018ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ 413 ವೈದ್ಯ ವಿದ್ಯಾರ್ಥಿಗಳು ಮತ್ತು ತರಬೇತಿ ವೈದ್ಯರಿಗೆ ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಯ ಒಬ್ಬ ಕಾಲ್ಪನಿಕ ರೋಗಿಯ ವಿವರ ಓದಲು ಕೊಟ್ಟರು. ಕಾಯಿಲೆ ಒಂದೇ, ನೋವು ಒಂದೇ. ಒಂದು ಫೈಲಿನ ಭಾಷೆ ಸಾದಾ, ಇನ್ನೊಂದರದ್ದು ಅನುಮಾನದ ಭಾಷೆ. ಅನುಮಾನದ ಫೈಲು ಓದಿದವರಿಗೆ ರೋಗಿಯ ಮೇಲೆ ಸದಭಿಪ್ರಾಯ ಕಡಿಮೆ ಆಯಿತು. ನೋವಿನ ಔಷಧಿಯಲ್ಲೂ ಕೈ ಬಿಗಿಯಾಯಿತು. ಹಿಂದಿನ ಡಾಕ್ಟರ ಒಂದು ಪದ ಮುಂದಿನ ಡಾಕ್ಟರ ಕೈ ಹಿಡಿದು ನಡೆಸುತ್ತೆ.

ಫೈಲನ್ನು ರೋಗಿಯೂ ಓದುತ್ತಾರೆ ಅಂತ ಗೊತ್ತಿದ್ದರೆ ಬರೆಯುವ ರೀತಿ ಬದಲಾಗುತ್ತಾ? ಅಮೆರಿಕದ ಮೂರು ಕಡೆ 2010ರಲ್ಲಿ ನೂರಕ್ಕೂ ಹೆಚ್ಚು ವೈದ್ಯರು ತಮ್ಮ ಟಿಪ್ಪಣಿಗಳನ್ನು ರೋಗಿಗಳಿಗೆ ತೆರೆದಿಟ್ಟು ನೋಡಿದರು. ಈಗ ಅಲ್ಲಿ 2021ರಿಂದ ಇದು ಹೆಚ್ಚುಕಡಿಮೆ ಕಡ್ಡಾಯ, ಮಾನಸಿಕ ಚಿಕಿತ್ಸಕರು ಪ್ರತ್ಯೇಕವಾಗಿ ಇಡುವ ಸಮಾಲೋಚನೆಯ ಟಿಪ್ಪಣಿಯಂಥ ಕೆಲವಕ್ಕೆ ವಿನಾಯಿತಿ. ಬ್ರಿಟನ್ನಿನಲ್ಲಿ ವೈದ್ಯ ಸಂಸ್ಥೆಗಳ ಒಕ್ಕೂಟ 2018ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೊರರೋಗಿಯನ್ನು ನೋಡಿದ ಮೇಲೆ ಬರೆಯುವ ಪತ್ರವನ್ನು ಇನ್ನೊಬ್ಬ ಡಾಕ್ಟರಿಗೆ ಬರೆಯುವ ಬದಲು ರೋಗಿಗೇ, ಅವರಿಗೆ ಅರ್ಥವಾಗುವ ಹಾಗೆ ಬರೆಯಿರಿ ಅಂತ ಸಲಹೆ ಕೊಟ್ಟಿತು.

ನಮ್ಮಲ್ಲೂ ಹಕ್ಕಿದೆ, ಗೊತ್ತಿರುವವರು ಕಡಿಮೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ರೋಗಿ ತನ್ನ ಮೂಲಭೂತ (ಬೇಸಿಕ್) ವೈದ್ಯಕೀಯ ದಾಖಲೆಯನ್ನು ಕೇಳಿ ಪಡೆಯಬಹುದು. ಅದರಿಂದ ರೋಗಿಗೆ ಗಂಭೀರ ಮಾನಸಿಕ ಹಾನಿ ಆಗುವ ಹಾಗಿದ್ದರೆ, ಇಲ್ಲ ಬೇರೆಯವರಿಗೆ ಅಪಾಯ ಆಗುವ ಹಾಗಿದ್ದರೆ, ಆ ಭಾಗವನ್ನು ವೈದ್ಯರು ತಡೆಹಿಡಿಯಬಹುದು. ಆದರೆ ಕೈಗೆ ಸಿಕ್ಕಿದರೂ ಅದು ಇಂಗ್ಲಿಷಿನಲ್ಲಿ, ಅದೂ ಡಾಕ್ಟರ ಅಕ್ಷರದಲ್ಲಿ! ಹಕ್ಕು ಸಿಕ್ಕಿತು, ಓದಲು ಬರಲಿಲ್ಲ. ಓಪಿ ಚೀಟಿಯ ಹಿಂದೆ ಕನ್ನಡದಲ್ಲಿ ಮೂರು ಸಾಲು ಬರೆದುಕೊಟ್ಟರೆ ಸಾಕು. ನಿಮಗೆ ಏನಾಗಿದೆ ಅಂತ ನಾನು ಅಂದುಕೊಂಡಿದ್ದೇನೆ, ಈ ಮಾತ್ರೆ ಯಾಕೆ, ಏನಾದರೆ ತಕ್ಷಣ ಬರಬೇಕು. ಕನ್ನಡ ಬಾರದ ಕಿರಿಯ ವೈದ್ಯರಿಗೆ ಇದು ಕಷ್ಟ ಅನ್ನುತ್ತೀರಾ? 2019ರ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಮೊದಲ ತಿಂಗಳೇ ಸ್ಥಳೀಯ ಭಾಷೆ ಕಲಿಸಬೇಕು ಅಂತ ಬಂತು, ರೋಗಿಗಳ ಜೊತೆ ಮಾತಾಡುವ ಕಲೆಗೂ ಪ್ರತ್ಯೇಕ ಪಾಠ ಬಂತು. 'ಹೊಟ್ಟೆ ನೋವಾ' ಅಂತ ಕಲಿಸಿದ ಹಾಗೆ 'ಯಾವ ಥರ ಬೇಜಾರು' ಅಂತಲೂ ಕಲಿಸಲಿ.

ಡಾಕ್ಟರು ಓದಬೇಕಾದದ್ದೂ ಇದೆ. 'ಸ್ಕಿಜೋಫ್ರೇನಿಯಾ ಬುಲೆಟಿನ್' ಅನ್ನುವ ವೈದ್ಯಕೀಯ ಪತ್ರಿಕೆ 1979ರಿಂದ ರೋಗಿಗಳೇ ಬರೆದ ಅನುಭವಗಳನ್ನು ಸಂಶೋಧನಾ ಲೇಖನಗಳ ಪಕ್ಕದಲ್ಲೇ ಅಚ್ಚು ಹಾಕುತ್ತ ಬಂದಿದೆ. ಕನ್ನಡದಲ್ಲಿ ವೈದ್ಯರು ಜನರಿಗಾಗಿ ಬರೆದದ್ದು ಧಾರಾಳವಾಗಿದೆ. 'ಕೊರವಂಜಿ' ಹಾಸ್ಯ ಪತ್ರಿಕೆ ನಡೆಸಿದ ಡಾ. ಎಂ. ಶಿವರಾಂ ಅವರಿಗೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದೇ ಮನಸ್ಸಿನ ಕಾಯಿಲೆಗಳ ಬಗೆಗಿನ ಪುಸ್ತಕಕ್ಕೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ನಮ್ಮೂರಿನ ಲೈಬ್ರರಿಗಳಲ್ಲೂ ಕೈಗೆ ಸಿಗುತ್ತವೆ. ರೋಗಿಗಳು ಬರೆದದ್ದು ಮಾತ್ರ ಕನ್ನಡದಲ್ಲಿ ಇನ್ನೂ ಜಾಸ್ತಿ ಬೇಕು. ಕಾರಣ ಊಹಿಸುವುದು ಕಷ್ಟ ಅಲ್ಲ. ಹೆಸರು ಹಾಕಿ ಬರೆದರೆ ತಂಗಿಯ ಮದುವೆ ನಿಲ್ಲುತ್ತೆ.

ಅದೇ ಭಯ ನೋಟ್‌ಬುಕ್ಕಿಗೂ ಇದೆ. ಮನೆಯಲ್ಲಿ ಅದನ್ನು ಯಾರು ಓದುತ್ತಾರೆ? ಸೊಸೆ ಬರೆದದ್ದನ್ನು ಅತ್ತೆ ಓದಿದರೆ? ಬೀಗ ಇರುವ ಪೆಟ್ಟಿಗೆ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಬರೆಯಿರಿ ಅಂತ ಹೇಳುವ ಡಾಕ್ಟರು ಎಲ್ಲಿಡುತ್ತೀರಿ ಅಂತಲೂ ಕೇಳಬೇಕು. ಯಾರೋ ನನ್ನ ಮೇಲೆ ಕಣ್ಣಿಟ್ಟಿದ್ದಾರೆ ಅನ್ನುವ ಅನುಮಾನದಲ್ಲಿ ಇರುವವರಿಗೆ ಬರೆಯಲು ಒತ್ತಾಯ ಮಾಡಿದರೆ ಅದೇ ಇನ್ನೊಂದು ಪುರಾವೆ ಆಗಿ ಕಾಣಬಹುದು. ಅಕ್ಷರ ಬಾರದವರಿಗೆ ಮೊಮ್ಮಕ್ಕಳು ಬರೆದುಕೊಡಬಹುದು, ಆದರೆ ಮೊಮ್ಮಗಳ ಮುಂದೆ ಹೇಳಲಾಗದ ಮಾತು ಇರುತ್ತೆ. ಫೋನಿನಲ್ಲಿ ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿಕೊಂಡು ಹೋಗುವುದು ಅಂಥವರಿಗೆ ಮೇಲು. ಸಾಯಬೇಕು ಅನ್ನುವ ಮಾತು ಹಾಳೆಗೆ ಇಳಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬಾರದು. ಅವತ್ತೇ ಯಾರಿಗಾದರೂ ತೋರಿಸಬೇಕು, ಇಲ್ಲ 14416ಕ್ಕೆ ಫೋನ್ ಮಾಡಬೇಕು. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲೂ ರಾತ್ರಿ ಸಿಗುತ್ತೆ, ಕನ್ನಡದಲ್ಲಿ ಮಾತಾಡಬಹುದು.

2017ರ ಕಾಯ್ದೆಯಲ್ಲಿ ಬರಹಕ್ಕೆ ಇನ್ನೊಂದು ಜಾಗವೂ ಇದೆ, ಮುಂಗಡ ನಿರ್ದೇಶನ. ನೆಟ್ಟಗಿರುವಾಗಲೇ ಬರೆದಿಡುವುದು: ಮುಂದೆ ನಾನು ಕಾಯಿಲೆ ಬಿದ್ದು, ಚಿಕಿತ್ಸೆಯ ಬಗ್ಗೆ ತೀರ್ಮಾನ ಮಾಡುವ ಸ್ಥಿತಿಯಲ್ಲಿ ಇಲ್ಲದಿದ್ದರೆ ನನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು. ಪ್ರಾಪ್ತ ವಯಸ್ಸಿನ ಯಾರು ಬೇಕಾದರೂ ಬರೆಯಬಹುದು. ತುರ್ತು ಚಿಕಿತ್ಸೆಗೆ ಮಾತ್ರ ಇದು ಅಡ್ಡ ಬರುವುದಿಲ್ಲ.

ಈ ವಿಷಯ ಹೇಳಿದ ಮೇಲೆ ಚಿಕ್ಕಪ್ಪ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ತಮ್ಮದೊಂದು ಕರಡು ಬರೆದಿದ್ದಾರೆ. ಕಾಲಿಗೆ ತೊಂದರೆ ಕೊಟ್ಟ ಮಾತ್ರೆಯ ಹೆಸರು, ಅದು ಬೇಡ. ಮಾತಾಡುವುದು ಚಿಕ್ಕಮ್ಮ, ಆದರೆ ನನ್ನನ್ನು ಒಂದು ಸಲ ಕೇಳಿದ ಮೇಲೆ. ಮೇ ತಿಂಗಳಲ್ಲಿ ಎಪಿಎಂಸಿಗೆ ಬಿತ್ತನೆ ಆಲೂಗಡ್ಡೆ ಬರುವ ಹೊತ್ತಿಗೆ ಆದಷ್ಟೂ ಅಡ್ಮಿಟ್ ಮಾಡಬೇಡಿ. ಮಾಡಲೇಬೇಕಾದರೆ ಹಸುವನ್ನು ಪಕ್ಕದ ಮನೆಗೆ ಬಿಡಿ, ಮಾರಬೇಡಿ.

ಕಳೆದ ಸಲ ಹೋದಾಗ ಡಾಕ್ಟರು ಅದನ್ನೂ ಓದಿದರು. ಹಸುವಿನ ಸಾಲು ಓದಿ ತಲೆ ಎತ್ತಿದರು. 'ಎಷ್ಟು ಲೀಟರ್ ಕೊಡುತ್ತೆ?' ಅಂತ ಕೇಳಿದರು. ಚಿಕ್ಕಮ್ಮ ಬಾಯಿ ತೆರೆದರು, ನನ್ನ ಮುಖ ನೋಡಿ ಸುಮ್ಮನಾದರು. ಚಿಕ್ಕಪ್ಪ ಒಂದು ನಿಮಿಷ ತಗೊಂಡು ಹೇಳಿದರು: 'ಬೆಳಿಗ್ಗೆ ನಾಲ್ಕು ಸಾರ್. ಸಾಯಂಕಾಲ ಮೂರು.'